ಸಕ್ಕರೆ ಕಾರ್ಡು

ಬಾಗಲೂರು, ಹೊಸೂರು ತಾಲ್ಲೂಕು
೧೪ ಜೂನ್ ೨೦೦೯, ಭಾನುವಾರ

ಗೆಳೆಯ ಬೋರಯ್ಯನಿಗೆ, ಉಮಾಶಂಕರ ಕೈಮುಗಿದು ಬರೆಯುತ್ತಿರುವುದು.

ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಇದ್ದೇವೆ ಎಂದಷ್ಟೇ ಬರೆಯುತ್ತೇನೆ. ನೀನು, ಚೆನ್ನಮ್ಮ, ಮಗಳು ಮಾಲಿನಿ ಮೂವರೂ ಇಲ್ಲಿಯ ಲೈನ್ ಮನೆಗೆ ಬೀಗ ಹಾಕಿ ಚೆನ್ನಮ್ಮನ ಅಣ್ಣನ ಊರಿಗೆ ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಒಂದು ಸಾಲನ್ನೂ ಬರೆಯಲಿಲ್ಲ, ಬಾಯಿಗೆ ಬಂದಂತೆ ಬೈದುಕೋ. ನಿನ್ನ ಫೋನಿಗೆ ಎಷ್ಟೋ ಸಲ ಮಾಡಿದೆ, ನಾಟ್ರಾಂಪಾಳ್ಯದ ಕಾಡಿನಲ್ಲಿ ಅದಕ್ಕೆ ಉಸಿರೇ ಇಲ್ಲ. ರೇಷನ್ ಅಂಗಡಿಯಲ್ಲಿ ಕೂತು ದಿನವಿಡೀ ತಮಿಳಿನಲ್ಲಿ ಬಿಲ್ ಬರೆಯುವವನಿಗೆ ಕನ್ನಡದ ಒತ್ತಕ್ಷರ ಮರೆತುಹೋಗುತ್ತಿದೆ, ನಗಬೇಡ. "ಬರೀತೀನಿ ಬರೀತೀನಿ ಅಂತ ಐದ್ ತಿಂಗ್ಳು ಕಳೆದ್ರಿ, ಒಂದ್ ಕಾಗ್ದಕ್ಕೆ ಅದ್ಯಾವ ಮೂರ್ತ ನೋಡ್ತಿದ್ದೀರ?" ಎಂದು ನನ್ನ ಹೆಂಡತಿ ಚಂದ್ರಲೇಖಾ ಇವತ್ತು ಪೆನ್ನು ತಂದು ಕೈಗೇ ಕೊಟ್ಟಳು. ನೀನು ಪತ್ರವನ್ನು ಜೋರಾಗಿ ಓದುವವನು. ಇದನ್ನೂ ಚೆನ್ನಮ್ಮನಿಗೆ ಕೇಳಿಸುವಂತೆ ಓದು.

ಮೊದಲು ತುರ್ತಿನ ಮಾತು. ಈ ತಿಂಗಳು ಮುಗಿಯುವುದರೊಳಗೆ ನೀನು ಒಂದು ದಿನದ ಮಟ್ಟಿಗಾದರೂ ಬರಲೇಬೇಕು. ಸಕ್ಕರೆ ಕಾರ್ಡಿನವರಿಗೆ ಅಕ್ಕಿ ಕಾರ್ಡು ಮಾಡಿಕೊಡುತ್ತಿದ್ದಾರೆ. ನೀನು ನನ್ನ ಹತ್ತಿರ ಬಿಟ್ಟುಹೋದ ಕಾರ್ಡನ್ನು ಹಿಡಿದುಕೊಂಡು ಎರಡು ಸಲ ತಾಲ್ಲೂಕು ಆಫೀಸಿನ ಸಾಲಿನಲ್ಲಿ ನಿಂತು ಬಂದೆ. "ಕುಡುಂಬ ತಲೈವರ್ ಎಂಗೆ?" ಮನೆಯ ಯಜಮಾನ ಎಲ್ಲಿ ಎಂದು ಅಲ್ಲಿಯ ಹೆಂಗಸು ಕೇಳಿದಳು. ಕೂಲಿಗೆ ಹೋಗಿದ್ದಾನೆ ಎಂದೆ. ಕೂಲಿ ಮುಗಿಸಿಕೊಂಡೇ ಬಂದು ಸಹಿ ಹಾಕಲಿ ಎಂದಳು. ತಪ್ಪು ಅವಳದಲ್ಲ. ಆದರೆ ಮುಂದಿನ ತಿಂಗಳು ಮನೆಮನೆಗೆ ಬಂದು ನೋಡುತ್ತಾರೆ, ವಾಸವಿಲ್ಲದವರ ಹೆಸರು ಹೊಡೆದುಹಾಕುತ್ತಾರೆ. ಕರ್ನಾಟಕದ ನಿನ್ನ ಹುಟ್ಟೂರಿನ ಕಾರ್ಡನ್ನು ನೀನು ಇಲ್ಲಿಗೆ ಬಂದಾಗಲೇ ಒಪ್ಪಿಸಿಬಿಟ್ಟೆ. ಇದೂ ಹೋದರೆ ಕರ್ನಾಟಕಕ್ಕೂ ನೀವು ಬೇಡ, ತಮಿಳುನಾಡಿಗೂ ಬೇಡ.

ಆ ಕಾರ್ಡಿನ ಅರ್ಜಿಯನ್ನು ನಿನಗೆ ತುಂಬಿಕೊಟ್ಟವನು ನಾನೇ, ನೆನಪಿದೆಯಾ? ಆಗ ಮಾಲಿನಿ ಇನ್ನೂ ತೊಟ್ಟಿಲಲ್ಲಿದ್ದಳು. ಅಕ್ಕಿಯೋ ಸಕ್ಕರೆಯೋ, ಒಂದಕ್ಕೆ ಗುರುತು ಹಾಕಬೇಕು; ಸಕ್ಕರೆ ಎಂದರೆ ಅಕ್ಕಿ ಬಿಟ್ಟುಕೊಟ್ಟಿದ್ದಕ್ಕೆ ಮೂರು ಕೆಜಿ ಸಕ್ಕರೆ ಹೆಚ್ಚಿಗೆ ಸಿಗುತ್ತದೆ ಎಂದು ವಿವರಿಸಿದೆ. ನೀನು ನಕ್ಕೆ. "ಮುದ್ದೆ ತಿನ್ನೋ ಬಾಯಿ ಕಣ್ಲಾ ನಮ್ದು. ಆ ಮುಗ್ಗಲಕ್ಕಿ ತಕ್ಕಂಡು ಏನ್ಮಾಡಾನ? ಸಕ್ರೆ ಅಂತ್ಲೇ ಬರ್ದುಬುಡು, ಮಗೀಗೆ ಪಾಯಸಕ್ಕಾತದೆ" ಎಂದೆ. ಕಂಪನಿ ಕ್ಯಾಂಟೀನಿನಲ್ಲಿ ನಿನಗೆ ಊಟವಿತ್ತು, ಊರಿಂದ ರಾಗಿ ಬರುತ್ತಿತ್ತು. ನಾನೂ ನಕ್ಕು ಬರೆದೆ. ನಿಮ್ಮ ಲೈನಿನಲ್ಲಿ ಕರ್ನಾಟಕದಿಂದ ಬಂದವರೆಲ್ಲ ನಿನ್ನನ್ನೇ ನೋಡಿ ಸಕ್ಕರೆ ಎಂದರು. ಹನ್ನೊಂದು ಮನೆ. ರೇಷನ್ ಅಂಗಡಿಯವನಾಗಿ ನಾನು ಒಂದು ಮಾತು ತಡೆದು ಹೇಳಬಹುದಿತ್ತು. ಅಕ್ಕಿಯ ಸಾಲು ಚಿಕ್ಕದಾಗುತ್ತದಲ್ಲ ಎಂದು ಒಳಗೊಳಗೇ ಖುಷಿಪಟ್ಟೆ.

ಕಳೆದ ವರ್ಷ ಒಂದು ರೂಪಾಯಿಗೆ ಕೆಜಿ ಅಕ್ಕಿ ಕೊಡಲು ಶುರುವಾದದ್ದೂ, ಕಾರ್ಖಾನೆಗಳಲ್ಲಿ ಕೆಲಸ ತಗ್ಗಿದ್ದೂ ಹಿಂದೆ ಮುಂದೆಯೇ. ಮೊದಲು ನಿನ್ನ ಓವರ್‌ಟೈಮ್ ಹೋಯಿತು, ಆಮೇಲೆ ಶನಿವಾರ ಹೋಯಿತು, ದೀಪಾವಳಿ ಕಳೆದ ಮೇಲೆ ಕಾಂಟ್ರಾಕ್ಟ್‌ನವರ ಪಾಸನ್ನು ಗೇಟಿನಲ್ಲೇ ಕಿತ್ತುಕೊಂಡರು. ಅಮೆರಿಕದಲ್ಲಿ ಯಾವುದೋ ಬ್ಯಾಂಕು ಮುಳುಗಿತಂತೆ, ಅದಕ್ಕೆ ಇಲ್ಲಿ ಲಾರಿಯ ಬಿಡಿಭಾಗ ಯಾರಿಗೂ ಬೇಡವಂತೆ. ನಿನಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ. ಕ್ಯಾಂಟೀನಿನ ಊಟವೂ ಪಾಸಿನ ಜೊತೆಗೇ ಹೋಯಿತು. ಅಕ್ಕಿ ಕಾರ್ಡಿನವರು ಗಂಜಿಯನ್ನೋ ಅನ್ನವನ್ನೋ ಬೇಯಿಸಿಕೊಂಡು ಹೇಗೋ ದಿನ ನೂಕಿದರು. ನಿಮ್ಮ ಹನ್ನೊಂದು ಮನೆಯಲ್ಲಿ ಈಗ ನಾಲ್ಕು ಉಳಿದಿವೆ.

ಚೆನ್ನಮ್ಮ ಪ್ರತಿ ತಿಂಗಳೂ ಸಕ್ಕರೆಗೆ ಬರುತ್ತಿದ್ದಳು. ಮಾರ್ಗಶಿರದಲ್ಲಿ ಒಂದು ದಿನ ತೂಗಿದ ಸಕ್ಕರೆಯನ್ನು ನನ್ನ ಕಡೆಗೇ ತಳ್ಳಿ, "ಅಣ್ಣಾ, ಇದ್ನ ನೀನೇ ಇಕ್ಕೋ, ಇದ್ರ ಬದ್ಲು ಒಂದೀಟು ಅಕ್ಕಿ ಹಾಕು. ಮಗಿ ಬೆಳಗ್ಗೆನೂ ಟೀ, ರಾತ್ರಿನೂ ಟೀ ಕುಡ್ಕಂಡು ಮನಿಕತ್ತಾಳೆ" ಎಂದಳು. ಆ ವಾರ ಅಂಗಡಿಗೆ ಅಕ್ಕಿ ಬಂದಿರಲಿಲ್ಲ. ಆ ಸಕ್ಕರೆಯನ್ನೇ ಎತ್ತಿಕೊಂಡು ಹೋದಳು. ಸಂಕ್ರಾಂತಿ ಕಳೆದು ನಾಲ್ಕನೇ ದಿನ ನೀವು ಗಂಟು ಕಟ್ಟಿದಿರಿ.

ಇನ್ನು ಸುದ್ದಿ. ನಿಮ್ಮ ಮನೆಯ ಮಾಲೀಕ ಮುನಿಯಲ್ಲಪ್ಪ ಅದನ್ನು ಬೇರೆಯವರಿಗೆ ಕೊಟ್ಟಿಲ್ಲ. ಒಳ್ಳೆಯತನದಿಂದಲ್ಲ, ಬರುವವರೇ ಇಲ್ಲ. "ಬೋರಯ್ಯ ಬತ್ತಾನೇನಪ್ಪಾ, ಇಲ್ಲಾ ಹಂಗೇ ಹೋಗ್ಬುಟ್ನಾ?" ಎಂದು ಸಿಕ್ಕಾಗಲೆಲ್ಲ ಕೇಳುತ್ತಾನೆ. ನಿನ್ನ ಕಂಪನಿಯಲ್ಲಿ ಅರ್ಧದಷ್ಟು ಜನರನ್ನು ಮತ್ತೆ ಕರೆಯುತ್ತಿದ್ದಾರೆ, ಹಳಬರಿಗೆ ಮೊದಲಂತೆ. ಕೇಳಿದ್ದನ್ನು ಬರೆದಿದ್ದೇನೆ, ಆಸೆ ಹುಟ್ಟಿಸುವುದಕ್ಕಲ್ಲ. ಸ್ಕೂಲು ಶುರುವಾಗಿದೆ. ಮಾಲಿನಿಯ ಹೆಸರು ಇನ್ನೂ ಹಾಜರಿಯಲ್ಲಿದೆ ಎಂದು ಟೀಚರ್ ಹೇಳಿದರು. ಅಲ್ಲಿ ಮಧ್ಯಾಹ್ನ ಒಂದು ಊಟ ಖಾತ್ರಿ.

ನನಗೂ ಸಾಕಾಗಿದೆ ಬೋರಯ್ಯ. ಬೆಳಗ್ಗೆ ಷಟರ್ ಎತ್ತುವಾಗಲೇ ತೋಳು ಸೋಲುತ್ತದೆ. ಮೊದಲು ಜನ ಅಕ್ಕಿಯಲ್ಲಿ ಹುಳ ಇದೆ ಎಂದು ಜಗಳವಾಡುತ್ತಿದ್ದರು, ಈಗ ಯಾರೂ ಜಗಳವಾಡುವುದಿಲ್ಲ. ಚೀಲದ ಬಾಯಿ ಅಗಲಿಸಿ ಹಿಡಿದು ತಕ್ಕಡಿಯನ್ನೇ ನೋಡುತ್ತಾರೆ. ಬೈಯುತ್ತಿದ್ದಾಗಲೇ ಚೆನ್ನಾಗಿತ್ತು.

ಅಂಚೆಟ್ಟಿಗೆ ಬಂದು ಬಸ್ಸು ಹತ್ತು, ಮಧ್ಯಾಹ್ನಕ್ಕೆಲ್ಲ ಹೊಸೂರಿನಲ್ಲಿರುತ್ತೀಯ. ನಾನು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ, ಆಫೀಸಿಗೆ ಒಟ್ಟಿಗೆ ಹೋಗೋಣ. ರಾತ್ರಿ ನಮ್ಮ ಮನೆಯಲ್ಲೇ ಮುದ್ದೆ. ಮಗು ಮಾಲಿನಿಗೆ ನನ್ನ ಆಶೀರ್ವಾದ, ಅವಳು ಹೊಟ್ಟೆ ತುಂಬ ಉಂಡು ಚೆನ್ನಾಗಿ ಓದಲಿ. ತಂಗಿ ಚೆನ್ನಮ್ಮನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಕೇಳಿದೆ ಎಂದು ಹೇಳು.

ನಿನ್ನ
ಉಮಾಶಂಕರ

ಮತ್ತೊಂದು ಮಾತು: ಇಲ್ಲಿಂದ ಮುಂದಕ್ಕೆ ಮನಸ್ಸಿನಲ್ಲೇ ಓದಿಕೊಳ್ಳಬೇಡ, ಇದನ್ನೂ ಜೋರಾಗಿಯೇ ಓದು. ಆ ವಾರ ಅಕ್ಕಿ ಬಂದಿರಲಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಚೆನ್ನಮ್ಮನಿಗೂ ಅವತ್ತು ಅದೇ ಸುಳ್ಳು ಹೇಳಿದೆ. ಮೂಟೆಗಳು ಹಿಂದಿನ ಗೋಡೆಗೆ ಒರಗಿದ್ದವು. ಯಾವ ಅಧಿಕಾರಿಯೂ ಬಂದಿರಲಿಲ್ಲ, ಯಾರ ಹೆದರಿಕೆಯೂ ಇರಲಿಲ್ಲ. ಅವಳಿಗೆ ಕೊಟ್ಟರೆ ಉಳಿದ ಹತ್ತು ಮನೆಯವರೂ ನಾಳೆ ಬಂದು ನಿಲ್ಲುತ್ತಾರೆ ಎಂದು ಬೇಸರವಾಯಿತು, ಅಷ್ಟೇ. ಅವಳು ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಕಿ ಕಾರ್ಡಿನವಳೊಬ್ಬಳು ಬಂದಳು, ನಾನು ಮೂಟೆ ಬಿಚ್ಚಿ ತೂಗಿದೆ. ಅವಳ ಕೈ ಹಿಡಿದಿದ್ದ ಮಾಲಿನಿ ತಿರುಗಿ ನೋಡಿ, "ಅಮ್ಮಾ, ಅಕ್ಕಿ ಅದೆ" ಎಂದಳು. ಚೆನ್ನಮ್ಮ ತಿರುಗಲಿಲ್ಲ. "ಅದು ನಮ್ದಲ್ಲ ಕಣವ್ವ, ನಡಿ" ಎಂದಳು.

ಇದನ್ನು ಅವಳು ನಿನಗೆ ಹೇಳಿಲ್ಲ. ಹೇಳಿದ್ದರೆ ಊರು ಬಿಡುವ ದಿನ ಆ ಕಾರ್ಡನ್ನು ನನ್ನ ಕೈಯಲ್ಲಿಟ್ಟು, "ನೀನಿದ್ದೀಯಲ್ಲ ಕಣ್ಲಾ, ನಂಗ್ಯಾಕೆ ಯೋಚ್ನೆ" ಎಂದು ನೀನು ಹೇಳುತ್ತಿರಲಿಲ್ಲ. ಆಗ ಅವಳು ನಿನ್ನ ಪಕ್ಕದಲ್ಲೇ ನಿಂತಿದ್ದಳು.