ಮೊದಲು ಕಂಬ ಹತ್ತಿದವರಿಗೆ ಅಂಕವಿಲ್ಲ

ಫೆಬ್ರವರಿ ಮೂವತ್ತು, ೨೧೯೧

ನಿಮ್ಮ ಕಾಲದ ಮಲ್ಲಕಂಬ ತೀರ್ಪುಗಾರರಿಗೆ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಇಲ್ಲ, ಗೊತ್ತು. ನಮ್ಮ ಕೆಲವು ಮಾತುಗಳೂ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ನಿದ್ದೆಗೆಟ್ಟವಳು. ನಮ್ಮ ತೊಟ್ಟಿಲುಗಳು ತಾವೇ ತೂಗಿಕೊಂಡು ತಾವೇ ಜೋಗುಳ ಹಾಡುತ್ತವೆ, ನನ್ನ ಆರು ತಿಂಗಳ ಮಗ ಅದಕ್ಕೂ ಜಗ್ಗುವುದಿಲ್ಲ. ಆದರೆ ಈ ವಾರ ನಿದ್ದೆ ಕೆಡಿಸಿದವನು ಅವನಲ್ಲ, ನೀವು.

ಮಗಳು ನೀಲವ್ವನಿಗೆ ಒಂಬತ್ತು ವರ್ಷ. ನಾಳೆ ಮಲ್ಲಕಂಬದ ಆಯ್ಕೆ. ಹತ್ತು ತುಂಬುವುದರೊಳಗೆ ಆಯ್ಕೆಯಾಗದಿದ್ದರೆ ರಾಜ್ಯದ ಅಖಾಡಕ್ಕೆ ಸೇರಿಸಿಕೊಳ್ಳುವುದಿಲ್ಲ. ತೇಗದ ಮರ ಮುಗಿದುಹೋಗಿದೆ, ನಮ್ಮ ಕಂಬಗಳು ನಾರು ಒತ್ತಿ ಮಾಡಿದವು. ಹರಳೆಣ್ಣೆ ಮಾತ್ರ ನಿಮ್ಮ ಕಾಲದ್ದೇ. ಅದನ್ನು ಮೈಗೆ ಮೆತ್ತಿಕೊಂಡು ಬಂದು ಹಾಸಿಗೆ, ಗೋಡೆ, ತಮ್ಮ, ಎಲ್ಲಕ್ಕೂ ಜಿಡ್ಡು ಹಚ್ಚಿದ್ದಾಳೆ. ಇಷ್ಟೆಲ್ಲ ಆದ ಮೇಲೆ ಚೀಟಿ ಎತ್ತಿದರು, ಅವಳು ಹಂಚುಮಗು ಆದಳು! ಹಂಚುಮಗು ಎಂದರೆ ಮೊದಲು ಕಂಬ ಹತ್ತುವ ಮಗು. ನೀವು ಮೊದಲು ಬಂದವರಿಗೆ ಕೈ ಬಿಗಿಹಿಡಿದು ಅಂಕ ಕೊಡುತ್ತಿದ್ದಿರಿ, ಮುಂದೆ ಇನ್ನೂ ಚೆನ್ನಾಗಿ ಆಡುವವರು ಬಂದರೆ ಏನು ಗತಿ ಅಂತ. ಕೊನೆಗೆ ಬಂದವರಿಗೆ ಧಾರಾಳ. ಅದು ತಪ್ಪೆಂದು ಗೊತ್ತಿದ್ದೂ ತಿದ್ದಲಿಲ್ಲ. ನಿಮ್ಮ ಮೊಮ್ಮಕ್ಕಳು ತಿದ್ದಿದರು, ಏನು ಜಾಣರಪ್ಪಾ! ಮೊದಲ ಆಟಕ್ಕೆ ಅಂಕವೇ ಬೇಡ, ಅದನ್ನು ನೋಡಿ ತೀರ್ಪುಗಾರರ ಕಣ್ಣು ಹದಕ್ಕೆ ಬರಲಿ, ಎರಡನೆಯವರಿಂದ ಲೆಕ್ಕ ಎಂದರು. ಒಂದು ಮಗುವನ್ನು ಬಿಟ್ಟು ಎಲ್ಲರಿಗೂ ನ್ಯಾಯ.

ಮುಖ್ಯ ತೀರ್ಪುಗಾರ ಬಸೆಟ್ಟೆಪ್ಪ ಮಾಸ್ತರ ಹತ್ತಿರ ಜಗಳಕ್ಕೇ ಹೋದೆ. “ಮೊದಲ ದ್ವಾಸಿ ಹಂಚಿಗಿ ಹತ್ತೂದ ಬಿಡ ತಂಗೆವ್ವ. ಯಾರರ ಹಂಚ ಕಾಸಬೇಕಲ್ಲ?” ಎಂದರು. “ನಿಮ್ಮ ಮೊಮ್ಮಗಳನ್ನ ಹಾಕ್ರಿ ಹಂಚಿನ ಮ್ಯಾಗ” ಅಂದೆ. “ಕಾಲೇಜ ಕಲ್ತಾಕಿ ಅದಿ, ಹೋಗಿ ನಿಯಮ ಓದು” ಎಂದು ಕಳಿಸಿದರು. ಮನೆಗೆ ಬಂದರೆ ನೀಲವ್ವ ಕೇಳಿದಳು: “ಅವ್ವಾ, ನಾ ಕೆಟ್ಟ ಆಡಿದ್ನೇನ?” ಅವಳಿನ್ನೂ ಆಡೇ ಇಲ್ಲ.

ಓದಿದೆ. ‘ಮೊದಲು ಕಂಬ ಹತ್ತಿದವರಿಗೆ ಅಂಕವಿಲ್ಲ’ ಎಂದಷ್ಟೇ ಇದೆ. ಮಗು ಎಂದು ಎಲ್ಲೂ ಬರೆದಿಲ್ಲ. ನಾಳೆ ತೀರ್ಪುಗಾರರು ಕೂತ ತಕ್ಷಣ ನಾನೇ ಕಚ್ಚೆ ಬಿಗಿದು ಹತ್ತುತ್ತೇನೆ. ಹೆರಿಗೆಯ ಹೊಲಿಗೆ ಇನ್ನೂ ಚುಚ್ಚುತ್ತದೆ. ಅರ್ಧಕ್ಕೇ ಜಾರಿದರೆ ಜಾರಲಿ, ನಗುವವರು ನಗಲಿ, ಕಣ್ಣು ಹದವಾಗಲಿ. ಆಮೇಲೆ ನನ್ನ ಮಗಳು ಎರಡನೆಯವಳು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಆ ನಿಯಮ ಹುಟ್ಟುವ ಮೊದಲೇ ನಿಮ್ಮಲ್ಲಿ ಯಾರಾದರೂ ಒಬ್ಬರು ಕುರ್ಚಿಯಿಂದ ಎದ್ದು, ಮಕ್ಕಳಿಗಿಂತ ಮುಂಚೆ ಕಂಬ ಹತ್ತಿ. ಹೊಟ್ಟೆ ಅಡ್ಡ ಬಂದರೂ ಪರವಾಗಿಲ್ಲ.

ಶಾಂಭವಿ, ನೀಲವ್ವನ ತಾಯಿ