ಅಂಬಲಿಗೆ ಮುಂಚಿನ ಅರ್ಧ ಗಂಟೆ

ಗುಬ್ಬಿ
ಶನಿವಾರ, ಮಧ್ಯಾಹ್ನ ಮೂರು ಗಂಟೆ

ತಂಗಿ ಪುಟ್ಟಗೌರಮ್ಮನಿಗೆ,

ತುಮಕೂರಿನಲ್ಲಿ ಡಾಕ್ಟರನ್ನು ಕಂಡು ಈಗಷ್ಟೇ ಬಂದೆ. ದೊಡ್ಡಕ್ಕನಂತೆ ನನ್ನ ಮೂಳೆಯೂ ಸವೆದಿದೆಯಂತೆ. ವಾರಕ್ಕೊಮ್ಮೆ ನುಂಗುವ ಅದೇ ಮಾತ್ರೆಯನ್ನು ಬರೆದುಕೊಟ್ಟಿದ್ದಾರೆ. ಅದನ್ನು ನುಂಗಲು ನನಗೆ ಭಯ.

"ಎದೆ ಉರೀತದೆ ಕಣೇ, ಈ ಮಾತ್ರೆ ಸವಾಸ ಬ್ಯಾಡ ಬುಡು" ಎಂದು ದೊಡ್ಡಕ್ಕ ಅದನ್ನು ಬಿಟ್ಟಿದ್ದು ನಿನಗೆ ಗೊತ್ತು. ಆಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವಳು ಹಾಸಿಗೆಯಲ್ಲೇ ಹೋದಳು. ಡಾಕ್ಟರಿಗೆ ಅದನ್ನೇ ಹೇಳಿದೆ.

"ಅವರು ಹೇಗೆ ನುಂಗ್ತಿದ್ರಮ್ಮ?" ಎಂದರು.

ಮಾತ್ರೆ ಉಷ್ಣವೆಂದು ಬೆಳಿಗ್ಗೆ ತಂಪಿಗೆ ರಾಗಿ ಅಂಬಲಿಯಲ್ಲಿ ನುಂಗಿ, ಮತ್ತೆ ಮಲಗುತ್ತಿದ್ದಳು ಎಂದೆ.

"ಅಂಬಲಿ ಜೊತೆ ಹೋದ್ರೆ ಮೈಗೆ ಹತ್ತಲ್ಲ, ಮಲಗಿದ್ರೆ ಎದೆ ಉರಿಯುತ್ತೆ. ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂತಿರಿ, ಅಂಬಲಿ ಆಮೇಲೆ."

ಈ ಮಾತ್ರೆಯಿಂದ ದವಡೆ, ತೊಡೆಮೂಳೆ ಕೆಡುತ್ತದಂತಲ್ಲ ಎಂದೂ ಕೇಳಿದೆ.

"ಅದು ಅಪರೂಪ. ನೀವು ಬಿದ್ರೆ ಮೂಳೆ ಮುರಿಯೋದು ಅಪರೂಪ ಅಲ್ಲ."

ಆದರೂ ಭಯ ಹೋಗಿಲ್ಲ. ಒಬ್ಬಳೇ ಕೂತರೆ ಎದೆ ಉರಿಯಿತೇನೋ ಎಂದುಕೊಂಡೇ ಮಲಗಿಬಿಟ್ಟೇನು. ನಾನು ಫೋನ್ ಮಾಡಿದರೆ ಅತ್ತುಬಿಡುತ್ತೇನೆಂದು, ಇಲ್ಲಿಂದ ಕುಣಿಗಲ್‌ಗೆ, ನಿಮ್ಮ ಮನೆಗೆ ಹೊರಟಿರುವ ನಿನ್ನ ಮಗನ ಕೈಲಿ ಈ ಕಾಗದ ಕಳಿಸುತ್ತಿದ್ದೇನೆ. ಬೆಳಿಗ್ಗೆ ನೀನೇ ಫೋನ್ ಮಾಡಿ ಅರ್ಧ ಗಂಟೆ ಏನಾದರೂ ಮಾತಾಡುತ್ತಿರು. ಎಮ್ಮೆ ಕರು ಹಾಕಿದ್ದು, ಸೊಸೆ ಸಾರಿಗೆ ಉಪ್ಪು ಮರೆತದ್ದು, ಏನಾದರೂ ಸರಿ. ದೊಡ್ಡಕ್ಕನ ಮಾತು ಮಾತ್ರ ಬೇಡ.

ನಾಳೆ ಆರು ಗಂಟೆಗೆ ಮಾತ್ರೆ, ಆರೂವರೆಗೆ ಅಂಬಲಿ.

ನಿನ್ನ ಅಕ್ಕ,
ಸಿದ್ದಗಂಗಮ್ಮ