ಚುಕ್ಕಿಯ ಮೈಗೆ ಬಂದ ಹೊಳಪು

ಗೋವಿಂದರಾಜನಗರ
ಬುಧವಾರ, ೧೫ ಅಕ್ಟೋಬರ್ ೨೦೨೫

ನನ್ನ ಸೌಮ್ಯಶ್ರೀಗೆ ಅಮ್ಮನ ಅಕ್ಕರೆಯ ನೆನಪುಗಳು.

ಪೊಲೀಸ್ ತರಬೇತಿ ಶಾಲೆಯವರು ಭಾನುವಾರ ಹತ್ತು ನಿಮಿಷ ಮಾತ್ರ ನಿನ್ನ ಕೈಗೆ ಫೋನು ಕೊಡುತ್ತಾರೆ. ಆ ಹತ್ತು ನಿಮಿಷವೂ ನಿನ್ನ ಅಪ್ಪ ನನ್ನ ಪಕ್ಕದಲ್ಲೇ ನಿಂತಿರುತ್ತಾರೆ. ಅವರ ವಿಷಯವನ್ನು ಅವರೆದುರೇ ಹೇಗೆ ಹೇಳಲಿ? ಅದಕ್ಕೇ ಈ ಕಾಗದ.

ಜುಲೈನಲ್ಲಿ ನೀನು ಹೋದ ಮೇಲೆ ನಿನ್ನ ನಾಯಿ ಚುಕ್ಕಿಯ ಕೂದಲು ಉದುರತೊಡಗಿತು. ಬಾಲದ ಬುಡ ಬೋಳಾಯಿತು, ಬೆನ್ನೆಲ್ಲ ಹೊಟ್ಟು ಎದ್ದಿತು. ಇಡೀ ದಿನ ಗೋಡೆಗೆ ಮೈ ಉಜ್ಜುತ್ತಿತ್ತು. ವಿಜಯನಗರದ ಡಾಕ್ಟರಿಗೆ ತೋರಿಸಿ ಮುಲಾಮು ತಂದೆ. ಬೇವಿನೆಲೆ ಕುದಿಸಿದ ನೀರಿನಲ್ಲಿ ಮೀಯಿಸಿದೆ. ಎರಡು ಹೊತ್ತೂ ಹಾಲು ಅನ್ನ ಕಲಸಿ ಹಾಕಿದೆ. ಏನೂ ಗುಣ ಕಾಣಲಿಲ್ಲ.

ಆಗಸ್ಟ್‌ನಲ್ಲಿ ನಿನ್ನ ಅಪ್ಪ ಇದ್ದಕ್ಕಿದ್ದಂತೆ ಅದನ್ನು ವಾಕಿಂಗ್‌ಗೆ ಕರೆದೊಯ್ಯತೊಡಗಿದರು. ರಿಟೈರಾದ ಮೇಲೆ ಹಾಲಿನ ಬೂತಿನವರೆಗೂ ನಡೆಯದ ಮನುಷ್ಯ ಬೆಳಿಗ್ಗೆ ಆರಕ್ಕೆಲ್ಲ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿಕೊಂಡು ಹೊರಡುವುದು. ಬರುವಾಗ ಎಂಟು. ಎಲ್ಲಿಗೆ ಹೋಗಿದ್ದಿರಿ ಎಂದರೆ ಪಾರ್ಕಿಗೆ ಎನ್ನುತ್ತಿದ್ದರು. ಅಂಗಿಯ ತೋಳಿನಲ್ಲಿ ನಮ್ಮ ಮನೆಯದಲ್ಲದ ವಾಸನೆ. ಚುಕ್ಕಿಯೂ ಬೆಳಗಿನ ಹಾಲು ಅನ್ನವನ್ನು ಮೂಸಿ ಹಾಗೇ ಬಿಟ್ಟುಬಿಡುತ್ತಿತ್ತು. ದಸರಾ ಹೊತ್ತಿಗೆ ಅದರ ಬೆನ್ನು ತುಂಬ ಹೊಸ ಕೂದಲು, ಎಣ್ಣೆ ಸವರಿದ ಹಾಗೆ ಮಿಂಚು. ನಾನು ಮಾಡಿದ್ದೇನೂ ಇಲ್ಲ. ಹಾಗಾದರೆ ಮಾಡಿದವರು ಯಾರು?

ಕಳೆದ ವಾರ ಅಪ್ಪ ಬಾಲ್ಕನಿಯಲ್ಲಿ ನಿಂತು, ಕಲಾ ಅವರೇ, ನಾಳೆ ಎರಡು ಸಾಕು ಎಂದು ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. ಕಲಾ ಅಪ್ಪನ ಆಫೀಸಿನಲ್ಲಿದ್ದವರು. ಗಂಡ ಹೋಗಿ ಎರಡು ವರ್ಷವಾಯಿತು, ಹೊಸಹಳ್ಳಿಯಲ್ಲಿ ಒಬ್ಬರೇ ಇದ್ದಾರೆ. ಆಮೇಲೆ ನನಗೆ ಅನ್ನ ಸೇರಲಿಲ್ಲ. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಮೊದಲ ಸಲ ಅವರ ಜೇಬು ತಡಕಿದೆ. ಬರೆಯಲು ನಾಚಿಕೆಯಾಗುತ್ತದೆ.

ಸೋಮವಾರ ಅವರ ಹಿಂದೆಯೇ ಹೊರಟೆ. ಮೆಟ್ರೋ ಸ್ಟೇಷನ್ ಆಚೆಯ ಕ್ರಾಸಿನಲ್ಲಿ ಕಲಾ ಅವರ ಮನೆ. ಗೇಟು ತೆರೆದೇ ಇತ್ತು. ನಿನ್ನ ಅಪ್ಪ ಮೆಟ್ಟಿಲ ಮೇಲೆ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತಿದ್ದರು. ಮೊಟ್ಟೆ ಹಾಕಿದೆ ಎಂದು ನಿನ್ನ ಹುಟ್ಟುಹಬ್ಬದ ಕೇಕನ್ನೂ ಮುಟ್ಟದವರು, ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಮುಖ ಒಂದಿಷ್ಟು ಪಕ್ಕಕ್ಕೆ ತಿರುಗಿಸಿಕೊಂಡು ಚುಕ್ಕಿಗೆ ತುಂಡು ತುಂಡಾಗಿ ತಿನ್ನಿಸುತ್ತಿದ್ದರು. ಪಕ್ಕದಲ್ಲಿ ಮೀನೆಣ್ಣೆಯ ಬಾಟಲಿ.

ಕಲಾ ನನ್ನನ್ನು ಒಳಗೆ ಕರೆದು ಕೂರಿಸಿದರು. ಅವರ ಮನೆಯಲ್ಲೂ ಎರಡು ನಾಯಿಗಳಿವೆ. ಪಾರ್ಕಿನಲ್ಲಿ ಚುಕ್ಕಿಯ ಅವಸ್ಥೆ ನೋಡಿ ತಮ್ಮ ಡಾಕ್ಟರ ಹತ್ತಿರ ಕಳಿಸಿದ್ದರಂತೆ. ಆ ಡಾಕ್ಟರು ಉಣ್ಣೆ ಹುಳು, ತುರಿಕಜ್ಜಿ ಏನೂ ಇಲ್ಲವೆಂದು ನೋಡಿ ಮೊದಲು ಊಟ ಏನೆಂದು ಕೇಳಿದರಂತೆ. ಚರ್ಮಕ್ಕೂ ಕೂದಲಿಗೂ ಪ್ರೋಟೀನು ಬೇಕು, ಒಳ್ಳೆಯ ಕೊಬ್ಬು ಬೇಕು, ಬರೀ ಹಾಲು ಅನ್ನದಲ್ಲಿ ಅದು ಸಾಲದು ಎಂದರಂತೆ.

ನಾನು ಅಪ್ಪನನ್ನು ಒಂದೇ ಮಾತು ಕೇಳಿದೆ. “ನನಗೆ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ಬೇಡ ಅಂತಿದ್ದೆ ಗಂಗಾ. ನೀನು ಬೇಡ ಅಂದ್ಮೇಲೆ ನನ್ ಕೈಲಿ ಮಾಡೋಕಾಗ್ತಿರ್ಲಿಲ್ಲ.”

ನಿನ್ನೆ ಹಳೆಯ ಸ್ಟವ್ವು, ಒಂದು ಪಾತ್ರೆ ತೆಗೆದು ತಾರಸಿ ಮೇಲೆ ಇಟ್ಟೆ. ಅಲ್ಲೇ ಬೇಯಿಸಿಕೊಳ್ಳಿ, ಅಡುಗೆಮನೆಗೆ ಬೇಡ ಎಂದೆ. ಕಲಾ ಬಗ್ಗೆ ಮನಸ್ಸು ಪೂರ್ತಿ ತಿಳಿಯಾಗಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಭಾನುವಾರ ಊಟಕ್ಕೆ ಕರೆದಿದ್ದೇನೆ. ಎದುರಿಗೆ ಕೂರಿಸಿಕೊಂಡು ನೋಡಬಹುದಲ್ಲ.

ಕವಾಯತಿನಲ್ಲಿ ಕಾಲು ಜೋಪಾನ ಮಗಳೇ.

ಇಂತಿ ನಿನ್ನ ಅಮ್ಮ,
ಶಿವಗಂಗಮ್ಮ

ಮ.ವಿ.: ಇದನ್ನು ಅಪ್ಪನಿಗೆ ಹೇಳಬೇಡ. ವಿಜಯನಗರದ ಡಾಕ್ಟರು ಜುಲೈನಲ್ಲೇ ನನಗೆ ಮೊಟ್ಟೆ ಕೊಡಿ ಎಂದಿದ್ದರು. ನಾನು ಮನೆಗೆ ಬಂದು, ಡಾಕ್ಟರು ಬರೀ ಮುಲಾಮು ಕೊಟ್ಟರು ಎಂದೆ. ನಿನ್ನ ಅಪ್ಪ ಅದನ್ನು ನಂಬಿದರು. ಇವತ್ತಿಗೂ ನನ್ನ ಮೇಲೆ ಅವರಿಗೆ ಒಂದಿಷ್ಟೂ ಅನುಮಾನವಿಲ್ಲ.